ಲಿಂಗಭೇದವೂ ಸ್ಥೂಲಕಾಯವೂ: ಹಂಪಿಯ ಸುತ್ತಣ ಸೀಮೆಯಲ್ಲಿ

ಜನರ ಮಾತಿನಲ್ಲಿ ಬೊಜ್ಜು ಎನಿಸಿಕೊಳ್ಳುವ ಸ್ಥೌಲ್ಯವು ಹೆಣ್ಣು, ಗಂಡು ಹಾಗೂ ಈ ಎರಡರ ಗಡಿಯಲ್ಲಿ ನಿಲ್ಲದವರನ್ನು ಬೇರೆ ಬೇರೆ ತೆರನಾಗಿ ಬಾಧಿಸುವುದಕ್ಕೆ ದೇಹಪ್ರಕೃತಿಯೊಂದು ಕಾರಣವಾದರೆ, ಯಾರಿಗೆ ಎಂತಹ ದುಡಿಮೆ, ಯಾರ ತಟ್ಟೆಗೆ ಎಷ್ಟು ಅನ್ನ, ಮನೆಯೊಳಗೆ ಯಾರಿಗೆ ಎಡೆ ಎಂಬ ಸಮಾಜದ ನಿರ್ಣಯವು ಅದಕ್ಕಿಂತ ಕಿರಿದಲ್ಲದ ಮತ್ತೊಂದು ಕಾರಣ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಇತಿಹಾಸದಲ್ಲಿ ಈ ಎರಡನೆಯ ಕಾರಣವೇ ಹೆಚ್ಚು ಸ್ಫುಟವಾಗಿ ಗೋಚರಿಸುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲ, ಅತಿಕೃಶರನ್ನು ನಿಂದಿತರಾದ ಎಂಟು ಬಗೆಯ ದೇಹಿಗಳಲ್ಲಿ ಎಣಿಸಿ, ಈರ್ವರಲ್ಲಿ ಕೃಶನೇ ಮೇಲೆಂದು ತೀರ್ಮಾನಿಸುತ್ತದೆ. ಸಿಹಿಯೂ ಜಿಡ್ಡೂ ಆದ ಆಹಾರ, ಹಗಲುನಿದ್ರೆ, ವ್ಯಾಯಾಮದ ಅಭಾವ, ಬೀಜಸ್ವಭಾವ ಇವುಗಳೊಡನೆ ನಿತ್ಯಹರ್ಷವನ್ನೂ ಚಿಂತೆಯಿಲ್ಲದಿರುವಿಕೆಯನ್ನೂ ಸ್ಥೌಲ್ಯಕ್ಕೆ ಹೇತುವೆನ್ನುತ್ತದೆ. ನಿಶ್ಚಿಂತೆಯು ಮೈ ಬೆಳೆಸುತ್ತದೆಂಬ ಈ ಮತಕ್ಕೆ ನಮ್ಮ ಶತಮಾನದ ಶೋಧಕರು ನೀಡಿರುವ ಮರುನುಡಿಯನ್ನು ಮುಂದೆ ಕಾಣಬಹುದು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನನ್ನು ಮಧ್ಯಮ ನಿಲುವಿನವನೂ ಕೃಶನೆನ್ನುವುದಕ್ಕಿಂತ ತುಸು ಸ್ಥೂಲನೆನ್ನಬಹುದಾದವನೂ ಆಗಿ ವರ್ಣಿಸಿದ್ದಾನೆ. ಅರಸನು ನಸುಕಿಗೆ ಮುನ್ನವೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಪೂಸಿಕೊಂಡು, ಮಣ್ಣಿನ ಭಾರವಾದ ಗುಂಡುಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸಿ, ಜಟ್ಟಿಯೊಬ್ಬನೊಡನೆ ಸೆಣಸಿ, ಬೆಳಗಾಗುವ ತನಕ ಬಯಲಿನಲ್ಲಿ ಕುದುರೆಯೋಡಿಸುತ್ತಿದ್ದನಂತೆ. ಮುಂದೆ ಬಂದ ಇನ್ನೊಬ್ಬ ಪೋರ್ಚುಗೀಸ್ ನೂನಿಜ್ ಅರಮನೆಯ ಊಳಿಗದಲ್ಲಿ ಕುಸ್ತಿಯಾಡುವ, ಲೆಕ್ಕ ಬರೆಯುವ, ಪಲ್ಲಕ್ಕಿ ಹೊರುವ ಹೆಂಗಸರನ್ನು ಹೆಸರಿಸುತ್ತಾನೆ. ಬಾಹುಬಲವು ಗಂಡಿಗೇ ಮೀಸಲೆಂಬ ಭಾವನೆಯನ್ನು ಈ ಸಾಕ್ಷ್ಯವೇ ಅಲ್ಲಗಳೆಯುತ್ತದೆ.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಕಾಲುವೆಯ ನೀರು ಕಂಪ್ಲಿಯತ್ತ ಹರಿದು ಭತ್ತದ ಗದ್ದೆಗಳು ಹಬ್ಬಿದಂತೆ, ಜೋಳದ ರೊಟ್ಟಿಯ ಪಕ್ಕದಲ್ಲಿ ಅನ್ನವು ನಿತ್ಯದ ಊಟವಾಯಿತು. ಸಂಡೂರಿನ ಗುಡ್ಡಗಳಲ್ಲಿ ಗಂಡಸರೊಡನೆ ಹೆಂಗಸರೂ ಕೈಯಿಂದ ಒಡೆದು ಬುಟ್ಟಿಯಲ್ಲಿ ಹೊರುತ್ತಿದ್ದ ಅದಿರನ್ನು ಯಂತ್ರಗಳು ಅಗೆಯತೊಡಗಿದವು. ದುಡಿಮೆ ಹಗುರಾಯಿತು, ಊಟ ಹಗುರಾಗಲಿಲ್ಲ.

ಬೊಜ್ಜನ್ನು ಗುರುತಿಸುವ ವೈದ್ಯಶಾಸ್ತ್ರದ ಅಳತೆಗಳಾದರೋ ರೂಪುಗೊಂಡುದು ಅನ್ಯತ್ರ. ಬೆಲ್ಜಿಯಮಿನ ಕೆಟ್ಲೆ 1832ರಲ್ಲಿ ತೂಕಕ್ಕೂ ಎತ್ತರದ ವರ್ಗಕ್ಕೂ ಇರುವ ಸಂಬಂಧವನ್ನು ಗುರುತಿಸಿದನು. ಅದಕ್ಕೆ ದೇಹತೂಕ ಸೂಚ್ಯಂಕವೆಂಬ ಹೆಸರು ಬಂದುದು 1972ರಲ್ಲಿ, ಆನ್ಸೆಲ್ ಕೀಸನಿಂದ. ಮಾರ್ಸೇಯ ವೈದ್ಯ ಝಾನ್ ವಾಗ್, 1947ರಲ್ಲಿ, ಗಂಡಸರ ಕೊಬ್ಬು ಹೊಟ್ಟೆಯಲ್ಲಿಯೂ ಹೆಂಗಸರದು ಸೊಂಟ ತೊಡೆಗಳಲ್ಲಿಯೂ ನೆಲೆಸುವುದನ್ನು ವಿಂಗಡಿಸಿ, ಮಧುಮೇಹಕ್ಕೆ ಹೊಟ್ಟೆಯ ಬೊಜ್ಜೇ ಹೆಚ್ಚು ದಾರಿ ಮಾಡುವುದೆಂದು ತೋರಿಸಿದನು. ಮುಟ್ಟು ನಿಂತ ಬಳಿಕ ಹೆಂಗಸರಲ್ಲಿಯೂ ಕೊಬ್ಬು ಹೊಟ್ಟೆಯತ್ತ ಸರಿಯುತ್ತದೆ. ಅಷ್ಟೇ ಸೂಚ್ಯಂಕದ ಐರೋಪ್ಯರಿಗಿಂತ ಭಾರತೀಯರಲ್ಲಿ ಕೊಬ್ಬಿನ ಪಾಲು ಅಧಿಕವಾದ್ದರಿಂದ, ನಮ್ಮಲ್ಲಿ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ನಿಗದಿಯಾಗಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 2015-16ರಲ್ಲಿ ಅತಿತೂಕ ಅಥವಾ ಬೊಜ್ಜುಳ್ಳ ಹೆಂಗಸರು ಶೇಕಡಾ 23.3, ಗಂಡಸರು 22.1 ಇದ್ದರು, 2019-21ರಲ್ಲಿ ಈ ಪ್ರಮಾಣಗಳು ಕ್ರಮವಾಗಿ 30.1, 30.9 ಆದವು. ಗಂಡಸರ ಪ್ರಮಾಣ ಹೆಂಗಸರದನ್ನು ಹಿಂದಿಕ್ಕಿದ ಈ ಪಲ್ಲಟವು, ಸ್ಥೌಲ್ಯವನ್ನು ಹೆಣ್ಣಿನ ಆಲಸ್ಯದ ಫಲವೆಂದು ಹಳಿಯುವವರಿಗೆ ಸಾಕಾದ ಉತ್ತರ.

ಲೈಂಗಿಕ ಒಲವಿನ ಪ್ರಶ್ನೆ ಈ ಶಾಸ್ತ್ರಕ್ಕೆ ತಡವಾಗಿ ಬಂದಿತು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಬೋಮರ್ ಮತ್ತು ಸಹಶೋಧಕರ ಅಧ್ಯಯನವು, ಇತರ ಸ್ತ್ರೀಯರಿಗಿಂತ ಸಲಿಂಗಾನುರಾಗಿ ಸ್ತ್ರೀಯರಲ್ಲಿ ಅತಿತೂಕ, ಬೊಜ್ಜುಗಳ ಸಂಭವ ಇಮ್ಮಡಿಗೂ ಮಿಗಿಲೆಂದು ಕಂಡಿತು; ಅಲ್ಲಿಯ ಸಲಿಂಗಾನುರಾಗಿ ಪುರುಷರ ತೂಕವಾದರೋ ಸಾಮಾನ್ಯವಾಗಿ ಇತರ ಪುರುಷರಿಗಿಂತ ಕಡಿಮೆ. ಒಲವು ಕೊಬ್ಬನ್ನು ಬೆಳೆಸದು. ತಿರಸ್ಕಾರದ ಭಯದಲ್ಲಿ ಅನುದಿನವೂ ಬಾಳುವವರ ಮನೋವ್ಯಥೆಯು ನಿದ್ರೆ, ಊಟ, ವೈದ್ಯರ ಬಳಿಗೆ ಹೋಗುವ ಧೈರ್ಯ, ಎಲ್ಲವನ್ನೂ ಕೆಡಿಸುತ್ತದೆಂಬ ವಿವರಣೆಗೆ ಈಲಾನ್ ಮೇಯರ್ 2003ರಲ್ಲಿ ವಿಸ್ತರಿಸಿ ಪ್ರತಿಪಾದಿಸಿದ ಅಲ್ಪಸಂಖ್ಯಾತರ ಒತ್ತಡದ ಸಿದ್ಧಾಂತವೇ ಆಧಾರ. ಚರಕನು ಚಿಂತೆಯ ಅಭಾವದಲ್ಲಿ ಕಂಡ ಕಾರಣವನ್ನು ಇವರು ಚಿಂತೆಯಲ್ಲಿಯೇ ಕಂಡರು. ಆದರೆ ಆ ಅಂಕಿಗಳನ್ನು ತುಂಗಭದ್ರೆಯ ದಂಡೆಗೆ ಹಾಗೆಯೇ ತಂದು ಹಚ್ಚುವುದು ಯುಕ್ತವಲ್ಲ. ಇಲ್ಲಿ ಮನೆಯಿಂದ ಹೊರದೂಡಲ್ಪಟ್ಟವರ ಪಾಲಿಗೆ ಮೊದಲು ಬರುವುದು ಹಸಿವು.

ಇದಕ್ಕೆ ಜೋಗತಿಯರ ಬಾಳೇ ನಿದರ್ಶನ. ಹೊಸಪೇಟೆಯ ಹತ್ತಿರ ಹೊಳೆಯಾಚೆಯ ಹುಲಿಗಿಯಲ್ಲಿ ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಹರಿದು, ಸೀರೆಯುಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟಿ ದೇವಿಗೆ ಅರ್ಪಿಸಿದ ಮೇಲೆ, ಗಂಡುಮಗನಾಗಿ ಬೆಳೆದವರು ಜೋಗತಿಯಾಗಿ, ಮನೆಯ ಪಾಲು ತಪ್ಪಿ, ಪಡಲಗಿಯೆಂಬ ಬುಟ್ಟಿ ಹಿಡಿದು ಬೇಡಿದ ಜೋಳದಿಂದ ಹೊಟ್ಟೆ ಹೊರೆದುಕೊಳ್ಳಬೇಕಾಗಿತ್ತು. ತಲೆಯ ಮೇಲೆ ಕೊಡವಿಟ್ಟು, ಚೌಡಿಕೆಯೆಂಬ ವಾದ್ಯದ ತಾಳಕ್ಕೆ ಕೈಬಿಟ್ಟು ಕುಣಿಯುವ ಅವರ ನೃತ್ಯವು ಕುತ್ತಿಗೆ, ನಡು, ತೊಡೆಗಳಿಗೆಲ್ಲ ಕಠಿಣ ವ್ಯಾಯಾಮ. ಕಲ್ಲುಕಂಬದಲ್ಲಿ ಹುಟ್ಟಿ, ಮರಿಯಮ್ಮನಹಳ್ಳಿಯಲ್ಲಿ ನೆಲೆನಿಂತ ಮಂಜಮ್ಮ ಜೋಗತಿಯವರು ಕಾಳವ್ವ ಜೋಗತಿಯವರಿಂದ ಈ ಕಲೆಯನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಈ ಗೌರವವು ಒಬ್ಬ ಕಲಾವಿದೆಗೆ ಸಂದುದರಿಂದ ಇಡೀ ಸಮುದಾಯದ ತಟ್ಟೆಗೆ ಅನ್ನ ಬಿದ್ದಿತೆಂದು ತಿಳಿಯಲಾಗದು.

ಜೋಗತಿಯರಲ್ಲಿ ಹಲವರು ಶಸ್ತ್ರಚಿಕಿತ್ಸೆಗೆ ಒಳಗಾಗದೆಯೇ ಹೆಣ್ಣುಡುಗೆಯಲ್ಲಿ ಬಾಳುವವರು. ಆದರೆ ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಸ್ತ್ರೀ ಹಾರ್ಮೋನು ಪಡೆಯುವವರಿಗೆ ಸ್ನಾಯು ಇಳಿದು ಕೊಬ್ಬು ಏರಿ, ಸೊಂಟ ತೊಡೆಗಳು ತುಂಬುತ್ತವೆ. ಪುರುಷ ಹಾರ್ಮೋನು ಪಡೆಯುವವರಲ್ಲಿ ಕೊಬ್ಬು ಇಳಿದು ಸ್ನಾಯು ಬೆಳೆಯುತ್ತದೆ, ತೂಕ ಮಾತ್ರ ಏರುವುದುಂಟು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತೃತೀಯ ಲಿಂಗಕ್ಕೆ ಮಾನ್ಯತೆ ಕೊಟ್ಟಿತು. ಕುಟುಂಬ ಸಮೀಕ್ಷೆಯ ತೂಕದ ಕೋಷ್ಟಕದಲ್ಲಾದರೋ ಹೆಣ್ಣು ಗಂಡುಗಳೆಂಬ ಎರಡೇ ಕಂಬಸಾಲುಗಳಿವೆ. ಸೊಂಟದ ಅಳತೆಪಟ್ಟಿಯ ಮಿತಿಯೂ ಎರಡೇ ಆದ್ದರಿಂದ, ಹಾರ್ಮೋನು ಪಡೆಯುತ್ತಿರುವವರನ್ನು ಪರೀಕ್ಷಿಸುವ ವೈದ್ಯರು 80, 90ರಲ್ಲಿ ಒಂದನ್ನೇ ನೆಚ್ಚದೆ, ಔಷಧ ಎಷ್ಟು ಕಾಲದಿಂದ ನಡೆದಿದೆಯೆಂದು ಕೇಳಿ, ರಕ್ತದ ಸಕ್ಕರೆ, ಒತ್ತಡ, ಕೊಬ್ಬುಗಳನ್ನೂ ಕೂಡಿಸಿ ನೋಡಬೇಕಾಗುತ್ತದೆ.