ಕರೆಂಟು ಮರಳುವ ದಾರಿ

ಬದನವಾಳಿನ ನಮ್ಮ ಮನೆಯ ಬಚ್ಚಲ ಹಿಂದೆ ಒಂದು ಕಬ್ಬಿಣದ ಸಲಾಕೆ ನೆಟ್ಟಿತ್ತು. ಬೇಸಿಗೆಯ ಸಂಜೆ ನಡುಮನೆಯ ಬಲ್ಬು ಮಂಕಾದರೆ ಅವ್ವ ಒಂದು ಚೆಂಬು ನೀರು ತಂದು ಅದರ ಬುಡಕ್ಕೆ ಸುರಿಯುತ್ತಿದ್ದಳು. ಬಲ್ಬು ಬೆಳಗಿಕೊಳ್ಳುತ್ತಿತ್ತು! ತುಳಸಿಗೆ ನೀರೆರೆದಷ್ಟೇ ಸಹಜವಾಗಿತ್ತು ಅದು. ಗಾಂಧೀಜಿ 1927ರಲ್ಲಿ ಬಂದು ಹೋದ ಊರು ನಮ್ಮದು. ಖಾದಿ ಕೇಂದ್ರದಲ್ಲಿ ಹಗಲೆಲ್ಲ ನೂತು ಬಂದವಳಿಗೆ ರಾತ್ರಿ ಅಡಿಗೆಗೆ ಬೆಳಕು ಬೇಕಿತ್ತು, ಅಷ್ಟೆ.

ಕಂಬದಿಂದ ಮನೆಗೆ ಎರಡು ತಂತಿ ಬರುತ್ತವೆ. ಒಂದು ಫೇಸು, ಇನ್ನೊಂದು ನ್ಯೂಟ್ರಲ್. ಒಂದು ಮಳೆಗಾಲದಲ್ಲಿ ನ್ಯೂಟ್ರಲ್ ತುಂಡಾಯಿತು. ಬೀದಿಯ ಹುಡುಗನೊಬ್ಬ "ಸದ್ಯಕ್ಕಿರ್ಲಿ ಚಿಕ್ಕವ್ವ" ಎಂದು ಮನೆಯ ವೈರನ್ನು ಈ ಸಲಾಕೆಗೆ ಸುತ್ತಿ ಹೋದ. ಆ ಸದ್ಯ ಎರಡು ವರ್ಷ ನಡೆಯಿತು.

ಕರೆಂಟು ಬಂದು ಬಲ್ಬಿನಲ್ಲೇ ಮುಗಿದುಹೋಗುತ್ತದೆಂದು ನಾನು ತಿಳಿದಿದ್ದೆ. ಅಲ್ಲ, ಹೊರಟಲ್ಲಿಗೆ ಅದು ಮರಳಲೇಬೇಕು. ನ್ಯೂಟ್ರಲ್ ಆ ಮರಳುವ ದಾರಿ. ಟ್ರಾನ್ಸ್‌ಫಾರ್ಮರ್ ಬಳಿ ಅದನ್ನು ಭೂಮಿಗೂ ಜೋಡಿಸಿರುತ್ತಾರೆ. ಹಾಗಾಗಿ ನಮ್ಮ ಬಲ್ಬಿನ ಕರೆಂಟು ಸಲಾಕೆಯಿಂದಿಳಿದು ಮಣ್ಣಿನಲ್ಲೇ ನಡೆದು ಅಲ್ಲಿಗೆ ಸೇರುತ್ತಿತ್ತು. ಮಣ್ಣು ಒಣಗಿದರೆ ದಾರಿ ಕಷ್ಟ, ನೀರು ಬಿದ್ದರೆ ಸಲೀಸು.

ಹುಡುಗನ ಉಪಾಯ ಹೊಸದೇನಲ್ಲ. ಹಿಂದಿನ ಟೆಲಿಗ್ರಾಫು ಒಂದೇ ತಂತಿಯಲ್ಲಿ ನಡೆದದ್ದು ಭೂಮಿಯನ್ನೇ ಎರಡನೆಯದಾಗಿ ಮಾಡಿಕೊಂಡು. 1925ರ ಸುಮಾರಿಗೆ ನ್ಯೂಜಿಲೆಂಡಿನ ಲಾಯ್ಡ್ ಮ್ಯಾಂಡೆನೊ ದೂರದ ತೋಟದ ಮನೆಗಳಿಗೆ ಹೀಗೇ ಒಂಟಿ ತಂತಿ ಎಳೆಸಿದ. ಆದರೆ ಅಲ್ಲಿ ಸಾವಿರಾರು ವೋಲ್ಟು, ಕಡಿಮೆ ಕರೆಂಟು, ಆಳವಾದ ಅರ್ತಿಂಗು. ಮನೆಯೊಳಗೆ ಎರಡು ತಂತಿಯೇ. ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು ಮೂರು ಫೇಸಿನಲ್ಲಿ. ಮೂರರ ಭಾರವೂ ಸಮನಾಗಿದ್ದರೆ ಒಂದರ ಕರೆಂಟು ಮಿಕ್ಕೆರಡರಲ್ಲಿ ಮರಳುತ್ತದೆ, ಬೇರೆ ತಂತಿ ಬೇಡ. ಮನೆಗಳ ಸಂಗತಿ ಹಾಗಲ್ಲ. ಒಬ್ಬಳು ಗ್ರೈಂಡರ್ ಹಾಕಿರುತ್ತಾಳೆ, ಪಕ್ಕದವಳು ದೀಪ ಆರಿಸಿ ಮಲಗಿರುತ್ತಾಳೆ. ಈ ಏರುಪೇರು ಹೊರುವುದು ನಾಲ್ಕನೆಯ ತಂತಿ, ನ್ಯೂಟ್ರಲ್.

ಒಂದು ಸಂಜೆ ಅವ್ವನ ಕೈಯ ಹಿತ್ತಾಳೆ ಚೆಂಬು ಸಲಾಕೆಗೆ ತಗುಲಿತು. ಬರಿಗಾಲು, ಒದ್ದೆ ನೆಲ. ಎಸೆದಂತೆ ಬಿದ್ದಳು. ಜೀವ ಉಳಿಯಿತು, ಬಲಗೈ ಬೆರಳು ತಿಂಗಳವರೆಗೆ ಎಳೆ ಹಿಡಿಯಲಿಲ್ಲ. ಮಾರನೆಯ ದಿನ ಬಂದ ಲೈನ್‌ಮನ್ ನ್ಯೂಟ್ರಲ್ ಜೋಡಿಸಿ, ಸಲಾಕೆ ಕಿತ್ತು, "ಬಲ್ಬು ಉರೀತಿದ್ರೆ ಇದೂ ಕರೆಂಟಿನ ತಂತೀನೇ ಕಣವ್ವ" ಎಂದ.

ಈಗ ಮೈಸೂರಿನ ನನ್ನ ಮನೆಯಲ್ಲೂ ಅರ್ತ್ ಗುಂಡಿಯಿದೆ, ಇದ್ದಿಲು ಉಪ್ಪು ತುಂಬಿದ್ದು. ಪ್ಲಗ್ಗಿನ ಮೂರನೆಯ ಕಡ್ಡಿಯ ತಂತಿ ಅಲ್ಲಿಗೆ ಹೋಗುತ್ತದೆ. ದಿನನಿತ್ಯ ಅದರಲ್ಲಿ ಕರೆಂಟು ಹರಿಯಬಾರದು. ಮಿಕ್ಸಿಗೋ ಇಸ್ತ್ರಿಪೆಟ್ಟಿಗೆಗೋ ಕರೆಂಟು ಸೋರಿದಾಗ ಮಾತ್ರ ಅದರ ಕೆಲಸ. ಬೇಸಿಗೆಯಲ್ಲಿ ಆ ಗುಂಡಿಗೂ ನೀರು ಹಾಕಬೇಕು. ಮೊದಲ ಸಲ ಹಾಕಲು ಹೊರಟಾಗ ಅವ್ವ ಇಲ್ಲೇ ಇದ್ದಳು. ಬಾಗಿಲಿಂದಲೇ ಕೂಗಿದಳು: "ಚಪ್ಪಲಿ ಮೆಟ್ಕೊಂಡು ಹೋಗೇ!"