ಪೇಪರ್ ಓದಿದ್ಯಾರು?

ಹೋದ ತಿಂಗಳು ನನ್ನ ಹಳೇ ಕಾಲೇಜಿನ ಮೇಡಂ ಫೋನ್ ಮಾಡಿದ್ರು. "ನೋಡಪ್ಪ, ಡಿಪಾರ್ಟ್‌ಮೆಂಟಿಂದ ಒಂದು ಕಾನ್ಫರೆನ್ಸ್ ಮಾಡ್ತಿದೀವಿ. ಪೇಪರ್ ತಗೊಳ್ಳೋದು, ರಿವ್ಯೂಗೆ ಹಂಚೋದು, ಇದಕ್ಕೆಲ್ಲ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ನೋಡಿ ಹೇಳು. ನೀನು ಅದೇ ಲೈನಲ್ಲಿ ಇದೀಯಲ್ಲ." ನಾನು ಇರೋದು ಬ್ಯಾಂಕ್ ಪೇಮೆಂಟ್ ಲೈನಲ್ಲಿ. ಆದ್ರೆ ಊರಲ್ಲಿ ನನ್ನ ಕೈಲಿ ಟಿವಿ ರಿಮೋಟ್ ರಿಪೇರಿ ಮಾಡಿಸ್ತಾರೆ, ಅದಕ್ಕಿಂತ ಇದು ವಾಸಿ ಅಂತ ಹೂಂ ಅಂದೆ.

ಹೂಂ ಅನ್ನೋಕೆ ಇನ್ನೊಂದು ಕಾರಣವೂ ಇತ್ತು. ಬಿಇ ಕೊನೇ ವರ್ಷ ನಾವು ನಾಲ್ಕು ಜನ ಪ್ರಾಜೆಕ್ಟನ್ನೇ ಪೇಪರ್ ಮಾಡಿ ಒಂದು 'ಇಂಟರ್‌ನ್ಯಾಷನಲ್' ಕಾನ್ಫರೆನ್ಸಿಗೆ ಕಳಿಸಿದ್ವಿ. ಮೂರನೇ ದಿನಕ್ಕೆ ಅಕ್ಸೆಪ್ಟ್ ಆಯ್ತು. ನನ್ನ ಪಾಲಿನ ಫೀಸಿಗೆ ಅಪ್ಪ ತಿಪಟೂರಿಗೆ ಹೋಗಿ, ರೇಟ್ ಬಿದ್ದಿದ್ದ ವಾರದಲ್ಲೇ ಎರಡು ಚೀಲ ಕೊಬ್ಬರಿ ಮಾರಿ ಬಂದರು. ಪುಸ್ತಕ ಅಚ್ಚಾಗಿ ಬಂದ ಮೇಲೆ ನೋಡಿದರೆ ಎರಡನೇ ಗ್ರಾಫಿನಲ್ಲಿ ಎಕ್ಸ್ ಇರಬೇಕಾದ ಕಡೆ ವೈ, ವೈ ಇರಬೇಕಾದ ಕಡೆ ಎಕ್ಸ್. ಒಬ್ಬ ಓದಿದ್ದರೂ ಒಂದು ನಿಮಿಷದಲ್ಲಿ ಗೊತ್ತಾಗೋ ತಪ್ಪು. ಓದಿದವರೇ ಇರಲಿಲ್ಲ. ಅಪ್ಪ ಆ ಪುಸ್ತಕವನ್ನ ಇವತ್ತಿಗೂ ಟಿವಿ ಪಕ್ಕ ಇಟ್ಟಿದಾರೆ, ಬಂದವರಿಗೆಲ್ಲ ತೆಗೆದು ತೋರಿಸ್ತಾರೆ. ನಾನು ಏನೂ ಹೇಳಿಲ್ಲ.

ಇಂಥದ್ದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. 2005ರಲ್ಲಿ ಎಂಐಟಿಯ ಮೂವರು ಹುಡುಗರು ಅರ್ಥವಿಲ್ಲದ ವಾಕ್ಯ ಜೋಡಿಸಿ ಪೇಪರ್ ತಯಾರಿಸೋ ಪ್ರೋಗ್ರಾಂ ಬರೆದರು. ಅದರ ಹೆಸರು ಸೈಜೆನ್. ಅದು ಬರೆದ ಪೇಪರೊಂದು ಅಮೆರಿಕದ ಒಂದು ಕಾನ್ಫರೆನ್ಸಿಗೆ ಅಕ್ಸೆಪ್ಟ್ ಕೂಡ ಆಯ್ತು.

ಸಾಫ್ಟ್‌ವೇರ್ ಹುಡುಕೋಕೆ ಕೂತವನು ಹಂಗೇ ಹಿಂದಕ್ಕೆ ಹಿಂದಕ್ಕೆ ಹೋಗಿ 1832ರ ಲಂಡನ್‌ಗೆ ತಲುಪಿದೆ. ಅಲ್ಲಿನ ರಾಯಲ್ ಸೊಸೈಟಿಯಲ್ಲಿ ವಿಲಿಯಂ ಹ್ಯೂಯೆಲ್ ಅನ್ನೋರು, ಬಂದ ಪೇಪರುಗಳ ಬಗ್ಗೆ ಗೊತ್ತಿದ್ದವರು ವರದಿ ಬರೆಯಬೇಕು ಅಂತ ಹೊಸ ಪದ್ಧತಿ ಹೇಳಿದ್ದರು. ಮೊದಲ ಪ್ರಯೋಗಕ್ಕೆ ಸಿಕ್ಕಿದ್ದು ಭೂಮಿ ಮತ್ತು ಶುಕ್ರಗ್ರಹದ ಚಲನೆ ಬಗ್ಗೆ ಜಾರ್ಜ್ ಏರಿ ಬರೆದಿದ್ದ ಪೇಪರ್. ಓದೋಕೆ ಕೂತವರು ಇಬ್ಬರು, ಹ್ಯೂಯೆಲ್ ಮತ್ತು ಜಾನ್ ಲಬಕ್. ಹ್ಯೂಯೆಲ್‌ಗೆ ಈ ಪೇಪರ್ ಎಷ್ಟು ದೊಡ್ಡದು ಅಂತ ಜನಕ್ಕೆ ಹೇಳೋ ಆಸೆ. ಲಬಕ್‌ಗೆ ಒಳಗಿನ ಲೆಕ್ಕದಲ್ಲಿ ಕಂಡ ಕೊರತೆಗಳ ಚಿಂತೆ. ಇಬ್ಬರಿಗೂ ತಾಳಮೇಳ ಕೂಡಲಿಲ್ಲ, ಕಾಗದದ ಮೇಲೆ ಕಾಗದ ಓಡಾಡಿತು. ಅಂದ್ರೆ ಮೊಟ್ಟಮೊದಲ ಸಲವೇ ಜಗಳ!

ಆಮೇಲೆ 1854ರಿಂದ 1885ರವರೆಗೆ ಅಲ್ಲಿ ಕಾರ್ಯದರ್ಶಿಯಾಗಿದ್ದವರು ಜಾರ್ಜ್ ಸ್ಟೋಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆಲ್ಲ ಗೊತ್ತಿರೋ ಅದೇ ಸ್ಟೋಕ್ಸ್. ಯಾವ ಪೇಪರ್ ಯಾರಿಗೆ, ಯಾರ ಉತ್ತರ ಬಂತು, ಬರೆದವನಿಗೆ ಏನು ಹೇಳಬೇಕು ಅಂತ ಎಲ್ಲ ಕಾಗದದಲ್ಲೇ ಸಂಭಾಳಿಸಿದ ಪುಣ್ಯಾತ್ಮ. ಮೂವತ್ತೊಂದು ವರ್ಷ ಒಂದು ಸಲವೂ ಡೌನ್ ಆಗದ ಸರ್ವರ್ ಅಂತಿಟ್ಕೊಳ್ಳಿ.

ನೂರು ವರ್ಷ ಕಳೆದರೂ ಇದು ಎಲ್ಲ ಕಡೆ ರೂಢಿಯಾಗಿರಲಿಲ್ಲ. 1936ರಲ್ಲಿ ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಯ ಸಂಪಾದಕರು ಐನ್‌ಸ್ಟೈನ್ ಮತ್ತು ರೋಸೆನ್‌ರ ಪೇಪರನ್ನ ಇನ್ನೊಬ್ಬರಿಗೆ ಓದೋಕೆ ಕೊಟ್ಟರು. ಐನ್‌ಸ್ಟೈನ್‌ಗೆ ಎಲ್ಲಿಲ್ಲದ ಕೋಪ ಬಂದು ಪೇಪರ್ ವಾಪಸ್ ತಗೊಂಡರು. ಗುರುತ್ವದ ಅಲೆಗಳು ಇಲ್ಲ ಅಂತ ಅದರಲ್ಲಿ ವಾದಿಸಿದ್ದರು, ರಿವ್ಯೂವರ್ ತಪ್ಪು ಹಿಡಿದಿದ್ದರು. ಮುಂದೆ ಬೇರೆ ಪತ್ರಿಕೆಯಲ್ಲಿ ಅದು ಅಚ್ಚಾದಾಗ ತೀರ್ಮಾನ ಬದಲಾಗಿತ್ತು.

ಕಂಪ್ಯೂಟರ್ ಸೈನ್ಸಿನವರದು ಬೇರೆ ಕಷ್ಟ. ನಮ್ಮಲ್ಲಿ ಪತ್ರಿಕೆಗಿಂತ ಕಾನ್ಫರೆನ್ಸಿಗೇ ಬೆಲೆ. ಎಲ್ಲ ಪೇಪರೂ ಒಂದೇ ದಿನ ಬಂದು ಬೀಳುತ್ತೆ, ಕೆಲವು ವಾರದಲ್ಲಿ ತೀರ್ಪು ಕೊಡಬೇಕು. ಮೊದಲು ಜೆರಾಕ್ಸ್ ಕಟ್ಟುಗಳು, ಪೋಸ್ಟು, ಆಮೇಲೆ ಇಮೇಲು. ಸ್ಟೋಕ್ಸ್ ಬಂದ್ರೂ ಆಗಲ್ಲ. ಅದಕ್ಕೇ 1999ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ, ಖರಗ್‌ಪುರ ಐಐಟಿಯಲ್ಲಿ ಓದಿದ ಸುರಜಿತ್ ಚೌಧುರಿ, ಕೆಡಿಡಿ ಅನ್ನೋ ಕಾನ್ಫರೆನ್ಸಿಗಾಗಿ ಸಿಎಂಟಿ ಕಟ್ಟಿದರು. 2002ರಲ್ಲಿ ಮ್ಯಾಂಚೆಸ್ಟರಿನ ತರ್ಕಶಾಸ್ತ್ರದ ಆಂಡ್ರೇ ವೊರೊಂಕೋವ್ ಅವರ ಈಸಿಚೇರ್ ಬಂತು. ಆಮೇಲೆ ಎಡ್ಡಿ ಕೋಲರ್ ಅವರ ಹಾಟ್‌ಸಿಆರ್‌ಪಿ. ನೋಡಿ, ಇವರು ಯಾರೂ ಮಾರೋಕೆ ಅಂತ ಹೊರಟವರಲ್ಲ. ತಮ್ಮ ತಲೆನೋವಿಗೆ ತಾವೇ ಕಷಾಯ ಕಾಯಿಸಿಕೊಂಡವರು.

ಹಾಟ್‌ಸಿಆರ್‌ಪಿಯ ಸೆಟ್ಟಿಂಗ್ಸ್ ಪುಟ ನೋಡ್ತಾ ನೋಡ್ತಾ ರಾತ್ರಿ ಒಂದು ಗಂಟೆ ಆಯ್ತು. ನಿನ್ನ ರಿವ್ಯೂ ಕೊಡೋವರೆಗೂ ಪಕ್ಕದವನ ರಿವ್ಯೂ ಕಾಣದ ಹಾಗೆ ಮಾಡಬಹುದು. ದೊಡ್ಡ ಪ್ರೊಫೆಸರ್ ಚೆನ್ನಾಗಿದೆ ಅಂದ್ರೆ ಚಿಕ್ಕವರೂ ಚೆನ್ನಾಗಿದೆ ಅನ್ನೋದು ತಪ್ಪಿತು. ಪೇಪರ್ ಕಳಿಸೋವಾಗಲೇ ಸಮಿತಿಯಲ್ಲಿ ನಿಮಗೆ ಬೇಕಾದವರು ಯಾರು ಅಂತ ಟಿಕ್ ಹಾಕಬೇಕು, ಅವರ ಕೈಗೆ ಆ ಪೇಪರ್ ಹೋಗಲ್ಲ. ನಮ್ಮೂರ ಪಂಚಾಯ್ತಿಯಲ್ಲಿ ಜಮೀನಿನ ಜಗಳ ಬಂದಾಗ ನೆಂಟರಾದ ಪಂಚರು ಟವೆಲ್ ಕೊಡವಿ ಎದ್ದು ಹೋಗ್ತಿದ್ರು. ಎಲ್ಲರೂ ಅಲ್ಲ, ಮರ್ಯಾದೆ ಇದ್ದವರು.

ಇದಕ್ಕೆ ಪೂರ್ತಿ ವಿರುದ್ಧದ ದಾರಿ ಓಪನ್‌ರಿವ್ಯೂ. 2013ರಲ್ಲಿ ಐಸಿಎಲ್‌ಆರ್ ಕಾನ್ಫರೆನ್ಸ್ ಶುರುವಾದಾಗಲೇ ಅದೂ ಬಂತು. ಅಲ್ಲಿ ಪೇಪರ್, ಅದಕ್ಕೆ ಬಂದ ಬೈಗುಳ, ಉತ್ತರ ಎಲ್ಲ ಊರಿಗೇ ಕಾಣುತ್ತೆ. ನಂಗೆ ಇದೇ ಹೆಚ್ಚು ಇಷ್ಟ. ಆದ್ರೆ ಮೊದಲ ಸಲ ಪೇಪರ್ ಬರೆಯೋ ಹುಡುಗಿಯ ತಪ್ಪು ಜೀವಮಾನ ಇಂಟರ್‌ನೆಟ್ಟಿನಲ್ಲಿ ಇರಬೇಕಾ ಅಂತ ಮೇಡಂ ಕೇಳಿದ್ರು. ನನ್ನ ಗ್ರಾಫ್ ನೆನಪಾಗಿ ಸುಮ್ಮನಾದೆ.

ಸಾಫ್ಟ್‌ವೇರ್ ಒಳ್ಳೇದಾದ್ರೆ ತೀರ್ಪೂ ಒಳ್ಳೇದಾಗುತ್ತಾ? 2014ರಲ್ಲಿ ನಿಪ್ಸ್ ಕಾನ್ಫರೆನ್ಸಿನ ಅಧ್ಯಕ್ಷರಾಗಿದ್ದ ಕೊರಿನಾ ಕಾರ್ಟೆಸ್, ನೀಲ್ ಲಾರೆನ್ಸ್ ಧೈರ್ಯ ಮಾಡಿ ಪರೀಕ್ಷೆ ಮಾಡಿದರು. 166 ಪೇಪರುಗಳನ್ನ ಎರಡು ಬೇರೆ ಬೇರೆ ಸಮಿತಿಗೆ ಕೊಟ್ಟರು. 43ರಲ್ಲಿ ಒಂದು ಸಮಿತಿ ಹೌದು ಅಂದಿದ್ದಕ್ಕೆ ಇನ್ನೊಂದು ಇಲ್ಲ ಅಂತು. ಹ್ಯೂಯೆಲ್, ಲಬಕ್ ಇನ್ನೂ ಜಗಳ ಆಡ್ತಾನೇ ಇದಾರೆ. ಆದ್ರೂ ಒಂದು ಮಾತು: ಇಬ್ಬರೂ ಪೇಪರ್ ಓದಿದ್ರಲ್ಲ!

ಮೇಡಂಗೆ ಹಾಟ್‌ಸಿಆರ್‌ಪಿ ಅಂತ ಹೇಳಿದೆ. ಕೋಡ್ ಪುಕ್ಕಟೆ ಸಿಗುತ್ತೆ, ಪಿಎಚ್‌ಪಿ ಮತ್ತು ಮೈಸೀಕ್ವೆಲ್ ಇದ್ದರೆ ಸಾಕು, ಕಾಲೇಜಿನ ಹಳೇ ಸರ್ವರಲ್ಲೇ ಓಡುತ್ತೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ನಂದೂ ಒಂದು ಪೇಪರ್ ಇದೆ ಕಣಪ್ಪ. ಅಧ್ಯಕ್ಷೆ ನಾನೇ. ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ರ ಇರಬೇಕು?" ಅಂದ್ರು. ಸರ್ವರ್ ಪಾಸ್‌ವರ್ಡ್ ಇದ್ದವರಿಗೆ ಎಲ್ಲಾ ಕಾಣುತ್ತೆ ಮೇಡಂ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ ಅಂದೆ. "ಹಂಗಾದ್ರೆ ನೀನೇ ಇಟ್ಕೋ. ಸುಮ್ನೆ ಇಟ್ಕೋಬೇಡ, ನಾಲ್ಕು ಪೇಪರ್ ರಿವ್ಯೂನೂ ಮಾಡು."

ಮೂರು ಆಗಿದೆ. ನಾಲ್ಕನೇದು ಯಾರೋ ಬಿಇ ಹುಡುಗರದ್ದು. ಹೆಸರು ಕಾಣಲ್ಲ, ಆದ್ರೆ ಇಂಗ್ಲಿಷ್ ನೋಡಿದ್ರೆ ನಮ್ಮ ಕಡೆಯವರೇ ಅನ್ಸುತ್ತೆ. ಮೂರನೇ ಪುಟದ ಟೇಬಲ್‌ನಲ್ಲಿ ಕೂಡಿದ ಲೆಕ್ಕ ತಪ್ಪಿದೆ. ಭಾನುವಾರ ರಾತ್ರಿಯೊಳಗೆ ಬರೆದು ಕಳಿಸಬೇಕು, ಅವರು ಸರಿ ಮಾಡೋಕೆ ಟೈಮ್ ಸಿಗೋ ಹಾಗೆ.