ಕವಳ, ಕುಟ್ಟಾಣಿ, ಬೇಸಲ್ ಇಂಪ್ಲಾಂಟ್: ಭಟ್ಕಳ–ಹೊನ್ನಾವರ–ಕುಮಟಾ ಸೀಮೆಯಲ್ಲಿ ಹಲ್ಲು ಕಟ್ಟಿಸಿದ ಚರಿತ್ರೆ

ದಂತ ಇಂಪ್ಲಾಂಟಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸ್ವೀಡನ್ನಿನಿಂದ ಹೊರಡುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾಗಳ ಮಟ್ಟಿಗೆ ಹೊರಡಬೇಕಾದದ್ದು ಕವಳದ, ಅಂದರೆ ಎಲೆ-ಅಡಿಕೆಯ, ತಟ್ಟೆಯಿಂದ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತಾ ತನ್ನ ಪ್ರವಾಸಕಥನದಲ್ಲಿ ವೀಳ್ಯದೆಲೆಯನ್ನು ಮೆಲ್ಲುವ ಕ್ರಮವನ್ನೂ ಅದರಿಂದ ಬಾಯಿಗೆ ಬರುವ ಪರಿಮಳವನ್ನೂ ವರ್ಣಿಸಿದ್ದಾನೆ. ಪರಿಮಳದ ಜೊತೆಗೆ ಬಂದದ್ದು ಬೇರೆಯೂ ಇದೆ: ಅಡಿಕೆ ಹಲ್ಲನ್ನು ಸವೆಸುತ್ತದೆ, ತಂಬಾಕು ಒಸಡನ್ನು ಕೆಡಿಸುತ್ತದೆ. ಹಲ್ಲು ಉದುರಿದ ಮೇಲೂ ಹಿರಿಯರು ಕವಳ ಬಿಡಲಿಲ್ಲ, ಕುಟ್ಟಾಣಿ ಹಿಡಿದರು. ಎಲೆ, ಅಡಿಕೆ ಜಜ್ಜುವ ಆ ಪುಟ್ಟ ಒರಳನ್ನು ಈ ಸೀಮೆಯ ಮೊದಲ ದಂತೋಪಕರಣವೆಂದು ಕರೆಯಲು ನನಗೆ ಸಂಕೋಚವಿಲ್ಲ.

ಆಮೇಲೆ ಬಂದದ್ದು ಸೆಟ್ಟು, ಅಂದರೆ ತೆಗೆದು ಹಾಕುವ ಕಟ್ಟಿಸಿದ ಹಲ್ಲು. 1948ರ ದಂತವೈದ್ಯರ ಕಾಯ್ದೆ ಪದವೀಧರರ ಜೊತೆಗೆ, ಪದವಿಯಿಲ್ಲದೆ ಬಹುಕಾಲದ ಕಸುಬಿನಿಂದಲೇ ಹಲ್ಲು ಕಟ್ಟುತ್ತಿದ್ದವರಿಗೂ ನೋಂದಣಿಯ ‘ಬಿ’ ಭಾಗದಲ್ಲಿ ಜಾಗ ಕೊಟ್ಟಿತು. ಕಾಲೇಜುಗಳು ಹುಟ್ಟಿದ್ದು ದೂರದಲ್ಲಿ: ಬೆಂಗಳೂರಿನ ಸರಕಾರಿ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ಧಾರವಾಡದ ಎಸ್‌ಡಿಎಂ 1986ರಲ್ಲಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇಂದಿಗೂ ದಂತವೈದ್ಯ ಕಾಲೇಜಿಲ್ಲ. ಕಠಿಣ ಚಿಕಿತ್ಸೆ ಎಂದರೆ ತೆಂಕಕ್ಕೆ ಮಣಿಪಾಲ, ಇಲ್ಲವೇ ಘಟ್ಟ ಹತ್ತಿ ಧಾರವಾಡ.

ಸೆಟ್ಟು ಕೆಲವು ವರ್ಷಗಳಲ್ಲಿ ಅಲ್ಲಾಡತೊಡಗುವುದಕ್ಕೆ ಕಾರಣ ಎಲುಬಿನಲ್ಲಿದೆ. ಹಲ್ಲನ್ನು ಹಿಡಿದಿಡುವ ಮೇಲಣ ಎಲುಬು ಹಲ್ಲಿಗಾಗಿಯೇ ಇರುವುದು. ಹಲ್ಲು ಕಿತ್ತ ವರ್ಷದೊಳಗೆ ಅದರ ಅಗಲ ಸುಮಾರು ಅರ್ಧದಷ್ಟು ಕರಗಬಹುದು. ಅದರಡಿಯ ಬೇಸಲ್ ಎಲುಬು ಗಟ್ಟಿ, ಅಷ್ಟು ಬೇಗ ಸವೆಯುವಂಥದ್ದಲ್ಲ. ಮಳೆಗೆ ಮೇಲ್ಮಣ್ಣು ಕೊಚ್ಚಿಹೋದರೂ ಕೆಳಗಿನ ಚಿರೆಕಲ್ಲು ನಿಲ್ಲುವ ಹಾಗೆ. ಸ್ವೀಡನ್ನಿನ ಪೆರ್‌-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಕೂರಿಸಿದ ಟೈಟಾನಿಯಂ ಸ್ಕ್ರೂ ನಿಂತದ್ದು ಮೇಲಣ ಎಲುಬನ್ನು ನಂಬಿ. ಅದು ಎಲುಬಿನೊಡನೆ ಬೆಸೆಯಲು ಕೆಳದವಡೆಯಲ್ಲಿ ಮೂರು, ಮೇಲ್ದವಡೆಯಲ್ಲಿ ಆರು ತಿಂಗಳು ಕಾಯಬೇಕೆಂಬುದು ಅವರ ಕಟ್ಟಳೆ. ಎಲುಬು ಸಾಲದಿದ್ದರೆ ಕಸಿ, ಮತ್ತೆ ಕಾಯುವಿಕೆ.

ಇನ್ನೊಂದು ದಾರಿ ಫ್ರಾನ್ಸಿನಲ್ಲಿ ತೆರೆಯಿತು. ಜಾನ್‌-ಮಾರ್ಕ್ ಜುಲಿಯೆ 1972ರಲ್ಲಿ ಒಂದೇ ತುಂಡಿನ ಬೇಸಲ್ ಇಂಪ್ಲಾಂಟನ್ನು ಬಳಕೆಗೆ ತಂದರು. ಅದಕ್ಕೆ ತಕ್ಕ ಕೊರೆಯುವ ಸಲಕರಣೆ ಇಲ್ಲದ್ದರಿಂದ ಕೂರಿಸುವುದೇ ಸಾಹಸವಾಗಿತ್ತು. 1980ರ ದಶಕದ ನಡುವೆ ಜೆರಾರ್ ಸ್ಕೋರ್ಟೆಚಿ ಸಲಕರಣೆಯ ಸಮೇತ ‘ಡಿಸ್ಕ್ ಇಂಪ್ಲಾಂಟ್’ ರೂಪಿಸಿದರು. ಬಿಲ್ಲೆಯಾಕಾರದ ಬುಡವನ್ನು ದವಡೆಯ ಪಕ್ಕದಿಂದ ತೂರಿಸುವ ವಿಧಾನ ಅದು. 1990ರ ದಶಕದಲ್ಲಿ ಸ್ಟೆಫಾನ್ ಇಹ್ಡೆ ಮೊದಲಾದವರು ಅದನ್ನು ಮುಂದುವರಿಸಿದರು. ಪಕ್ಕದಿಂದ ತೂರಿಸಿದ ಬಿಲ್ಲೆ ವಿಫಲವಾದರೆ ತೆಗೆಯಲು ಎಲುಬನ್ನೇ ಸಾಕಷ್ಟು ಕತ್ತರಿಸಬೇಕಾಗುತ್ತಿತ್ತು. ಮೇಲಿನಿಂದ ತಿರುಗಿಸುವ ಉದ್ದನೆಯ, ನಯವಾದ ಸ್ಕ್ರೂಗಳು ಕ್ರಮೇಣ ಅದರ ಜಾಗಕ್ಕೆ ಬಂದವು. ಅವು ಮೂಗಿನ ತಳ, ಮೇಲ್ದವಡೆಯ ಹಿಂಬದಿಯ ಟೆರಿಗಾಯ್ಡ್ ಎಲುಬು, ಕೆಳದವಡೆಯ ಗಟ್ಟಿ ಪದರಗಳಲ್ಲಿ ಕಚ್ಚಿಕೊಳ್ಳುತ್ತವೆ. ಎಲ್ಲವನ್ನೂ ಒಂದೇ ಬಿಗಿಯಾದ ಬ್ರಿಜ್ಜಿಗೆ ಜೋಡಿಸಿ, 72 ಗಂಟೆಗಳೊಳಗೆ ಸ್ಥಿರ ಹಲ್ಲು ಕೂರಿಸುವುದು ಈ ಪದ್ಧತಿಯ ವೈಶಿಷ್ಟ್ಯ.

ಬೇಸಲ್ ಪದ್ಧತಿಯ ಪ್ರಚಾರದಲ್ಲಿ ಎಲುಬಿನ ಮಾತೇ ಹೆಚ್ಚು. ಈ ಕರಾವಳಿಯಲ್ಲಿ ಅದರ ಆಕರ್ಷಣೆ ಇರುವುದು ದಿನಗಳ ಲೆಕ್ಕದಲ್ಲಿ ಎಂಬುದು ನನ್ನ ವಾದ. ಭಟ್ಕಳದ ನವಾಯತ ಸಮುದಾಯದ ಎಷ್ಟೋ ಮನೆಗಳವರು ದುಡಿಯುವುದು ಕೊಲ್ಲಿ ದೇಶಗಳಲ್ಲಿ. ರಜೆಗೆ ಬಂದವರಿಗೆ ಆರು ತಿಂಗಳ ಕಾಯುವಿಕೆ ಆಗಿಬರದು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಂಗಳೂರನ್ನು ಹತ್ತಿರ ತಂದಿತು ನಿಜ. ಆದರೂ ಹೊನ್ನಾವರದ ತೋಟದ ಮನೆಯ ಅಜ್ಜನನ್ನು ಪ್ರತಿ ಭೇಟಿಗೂ ಕರೆದೊಯ್ಯಲು ಮನೆಯವರೊಬ್ಬರು ಕೆಲಸ ಬಿಡಲೇಬೇಕು. ನಾಲ್ಕಾರು ಪ್ರಯಾಣಗಳನ್ನು ಒಂದಕ್ಕೆ ಇಳಿಸುವ ಚಿಕಿತ್ಸೆ ಅಲ್ಲಿ ಅರ್ಧ ಗೆದ್ದ ಹಾಗೆಯೇ.

ಇನ್ನರ್ಧದ ವಿಷಯದಲ್ಲಿ ಎಚ್ಚರ ಬೇಕು. ಈ ಪದ್ಧತಿಯ ಪರವಾದ ವರದಿಗಳಲ್ಲಿ ಬಹಳಷ್ಟು ಬಂದಿರುವುದು ಅದನ್ನು ರೂಪಿಸಿದವರಿಂದ ಮತ್ತು ಅವರ ಬಳಿ ಕಲಿತವರಿಂದ. ಬ್ರೋನೆಮಾರ್ಕ್ ಪರಂಪರೆಗಿರುವಷ್ಟು ದೀರ್ಘಾವಧಿಯ ಸ್ವತಂತ್ರ ಅಧ್ಯಯನಗಳ ಬೆಂಬಲ ಇದಕ್ಕಿಲ್ಲ. ಇಂಪ್ಲಾಂಟ್ ಒಂದೇ ತುಂಡಾದ್ದರಿಂದ ಕೂರಿಸಿದ ಮೇಲೆ ತಿದ್ದುವ ಅವಕಾಶ ಕಡಿಮೆ. ಒಂದು ಸ್ಕ್ರೂ ಸಡಿಲವಾದರೂ ಬ್ರಿಜ್ಜನ್ನೇ ಬಿಚ್ಚಬೇಕಾಗಬಹುದು.

ಮತ್ತೆ ಕವಳವಿದೆ. 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತೀರ್ಮಾನ ಬೆಳೆಗಾರರಿಗೆ ಹಿಡಿಸದ ಮಾತು. ಅದನ್ನು ಪಕ್ಕಕ್ಕಿಟ್ಟರೂ, ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಕಣ್ಣೆದುರಿಗಿದೆ: ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಪೂರ್ತಿ ತೆರೆಯದು. ಟೆರಿಗಾಯ್ಡ್ ಎಲುಬಿಗೆ ಉದ್ದನೆಯ ಡ್ರಿಲ್ ತಲುಪಬೇಕಾದರೆ ಬಾಯಿ ಅಗಲವಾಗಿ ತೆರೆಯಲೇಬೇಕು. ಅಂಥವರಿಗೆ ಕವಳ ಬಿಡಿಸುವುದು, ಬಾಯಿ ಅಗಲಿಸುವ ವ್ಯಾಯಾಮ, ಔಷಧಿ ಮೊದಲಾಗಬೇಕು. ಮೂರು ದಿನದ ಲೆಕ್ಕ ಅಲ್ಲಿ ತಿಂಗಳುಗಳಿಗೆ ಹೋಗುತ್ತದೆ.